ಎಸ್‌ಎಇ 40 ಸಿಂಗಲ್ ಗ್ರೇಡ್ ಆಯಿಲ್: ಒಂದೇ ಕ್ಯಾನು, ಮೂರು ಇಂಜಿನ್ನು

ಮೊದ್ಲೇ ಹೇಳ್ಬಿಡ್ತೀನಿ, ಇದು ಆ ಕಂಪನಿ ಆಯಿಲ್ ಚೆನ್ನಾಗಿದೆ ಈ ಕಂಪನಿದು ಚೆನ್ನಾಗಿಲ್ಲ ಅನ್ನೋ ರಿವ್ಯೂ ಅಲ್ಲ. ಐದು ಲೀಟರ್ ಕ್ಯಾನು, ಮೇಲೆ ದೊಡ್ಡದಾಗಿ ಎಸ್‌ಎಇ 40 ಅಂತ ಇರೋದು (ಎಸ್‌ಎಇ ಅಂದ್ರೆ ಆಯಿಲ್ ಗಟ್ಟಿತನಕ್ಕೆ ಈ ನಂಬರ್ ಪದ್ಧತಿ ಮಾಡಿದ ಸಂಸ್ಥೆ), ಹಿಂದೆ ಮುಂದೆ ಎಲ್ಲೂ ಡಬ್ಲ್ಯೂ ಅನ್ನೋ ಅಕ್ಷರ ಇಲ್ಲ, ಹೀಗೆ ಒಂದೇ ನಂಬರ್ ಇರೋದಕ್ಕೇ ಸಿಂಗಲ್ ಗ್ರೇಡ್ ಅನ್ನೋದು, ನಮ್ಮ ಕಡೆ ಎಲ್ಲ ಕೃಷಿ ಸಾಮಾನಿನ ಅಂಗಡಿಲೂ ಸಿಗತ್ತೆ. ಅದನ್ನ ಎರಡು ವರ್ಷದಲ್ಲಿ ನಮ್ಮನೇಲಿರೋ ಮೂರು ಇಂಜಿನ್‌ಗೆ ಹಾಕಿದೀನಿ. ಒಂದಕ್ಕೆ ಬೇಕು ಅಂತ, ಇನ್ನೊಂದಕ್ಕೆ ಹಠಕ್ಕೆ, ಮತ್ತೊಂದಕ್ಕೆ ಬುದ್ಧಿ ಇಲ್ದೆ. ಬುದ್ಧಿ ಇಲ್ದೆ ಹಾಕಿದ್ದು ಕಾರಿಗೆ, ಅದಕ್ಕೋಸ್ಕರನೇ ಇಷ್ಟುದ್ದ ಬರೀತಾ ಇರೋದು.

ನಮ್ದು ಹೊಸನಗರದ ಹತ್ರ ಒಂದು ಹಳ್ಳಿ, ಅಡಿಕೆ ತೋಟ. ಕರೆಂಟ್ ನಂಬ್ಕೊಂಡು ಬೇಸಿಗೇಲಿ ತೋಟ ಉಳಿಸ್ಕೊಳೋಕೆ ಆಗಲ್ಲ, ಹಾಗಾಗಿ ಹೊಳೆ ಬದೀಲಿ ಅಪ್ಪಯ್ಯನ ಕಾಲದ ಡೀಸೆಲ್ ಪಂಪ್‌ಸೆಟ್ ಇನ್ನೂ ಇದೆ. ಸಿಂಗಲ್ ಸಿಲಿಂಡರು, ನೀರಲ್ಲೇ ತಣ್ಣಗಾಗೋದು, ಒಂದೇ ಸ್ಪೀಡು 1500 ಆರ್‌ಪಿಎಂ, ಬ್ಯಾಟರಿ ಇಲ್ಲ ಸೆಲ್ಫ್ ಇಲ್ಲ, ಮೇಲಿನ ಲಿವರ್ ಎತ್ತಿ ಕಂಪ್ರೆಷನ್ ಬಿಟ್ಟು ಹ್ಯಾಂಡಲ್ ಹೊಡೀಬೇಕು, ಸ್ಪೀಡ್ ಹಿಡಿದ ಮೇಲೆ ಲಿವರ್ ಬಿಟ್ರೆ ಡುಗ್ ಡುಗ್ ಅಂತ ಹತ್ಕೊಳತ್ತೆ. ಅದ್ರ ಚೇಂಬರ್‌ಗೆ ಸುಮಾರು ಮೂರೂವರೆ ಲೀಟರ್ ಆಯಿಲ್ ಹಿಡಿಯತ್ತೆ. ಅಪ್ಪಯ್ಯ ಮೊದ್ಲಿಂದ್ಲೂ 40 ಹಾಕೋದು, ನಾನೂ ಅದನ್ನೇ ಮುಂದುವರಿಸಿದ್ದು.

ಇದಕ್ಕೆ ಈ ಆಯಿಲ್ ಹೇಗಿದೆ ಅಂದ್ರೆ, ಚೆನ್ನಾಗಿದೆ, ಬೇರೆ ಮಾತಿಲ್ಲ. ಇಂಜಿನ್ ಹಳೇದು, ರಿಂಗು ಲೈನರು ಸವೆದಿದೆ, ಆದ್ರೂ 40 ಹಾಕಿದಾಗ ಆಯಿಲ್ ಇಳಿಯೋದು ಕಮ್ಮಿ, ತಿಂಗಳಿಗೊಂದ್ಸಲ ಗೇಜ್ ಕಡ್ಡಿ ನೋಡಿ ಒಂದಿಷ್ಟು ಟಾಪ್ ಅಪ್ ಮಾಡಿದ್ರೆ ಸಾಕು. ಒಂದ್ಸಲ ಅಂಗಡೀಲಿ ಸ್ಟಾಕ್ ಇಲ್ಲ ಅಂತ 15ಡಬ್ಲ್ಯೂ-40 ತಂದು ಹಾಕಿದ್ದೆ, ಅದೇ ಲಾರಿ ಟ್ರ್ಯಾಕ್ಟರ್‌ಗೆಲ್ಲ ಹಾಕೋ ಮಲ್ಟಿಗ್ರೇಡು. ಅದ್ರಲ್ಲಿ ಎರಡು ವ್ಯತ್ಯಾಸ ಕಂಡ್ತು. ಆಯಿಲ್ ಸ್ವಲ್ಪ ಜಾಸ್ತಿ ತಿಂತು, ಕಣ್ಣಿಗೆ ಕಾಣೋ ಅಷ್ಟು. ಇನ್ನೊಂದು, ಜನವರಿ ಬೆಳಿಗ್ಗೆ ಹ್ಯಾಂಡಲ್ ಎಷ್ಟು ಹಗುರ ಆಗಿತ್ತು ಅಂದ್ರೆ ನಂಗೆ ಯಾರೋ ರಾತ್ರಿ ಬಂದು ಪಿಸ್ಟನ್ ಬಿಚ್ಕೊಂಡು ಹೋಗಿದಾರೇನೋ ಅನ್ನಿಸ್ತು!

ಈ ಹ್ಯಾಂಡಲ್ ವಿಷ್ಯದಲ್ಲೇ ಇಡೀ ಸಿಂಗಲ್ ಗ್ರೇಡ್ ಮಲ್ಟಿಗ್ರೇಡ್ ಜಗಳ ಇರೋದು ಅಂತ ನಂಗೆ ಆಮೇಲೆ ಗೊತ್ತಾಯ್ತು. ಕ್ಯಾನ್ ಮೇಲೆ ಬರೆದಿರೋ ಡಬ್ಲ್ಯೂ ಅಂದ್ರೆ ವೆಯ್ಟ್ ಅಲ್ಲ, ತುಂಬ ಜನ ಹಾಗೇ ಅನ್ಕೊಂಡಿದಾರೆ, ಅದು ವಿಂಟರ್. 15ಡಬ್ಲ್ಯೂ ಅಂದ್ರೆ ಆ ಆಯಿಲ್‌ನ ಲ್ಯಾಬಲ್ಲಿ ಮೈನಸ್ 20 ಡಿಗ್ರೀಲಿ ತಿರುಗಿಸಿ ನೋಡಿ, ಇಷ್ಟಕ್ಕಿಂತ ಗಟ್ಟಿ ಇಲ್ಲ ಅಂತ ಪಾಸ್ ಮಾಡಿರೋದು. 5ಡಬ್ಲ್ಯೂ ಆದ್ರೆ ಮೈನಸ್ 30ರಲ್ಲಿ, 0ಡಬ್ಲ್ಯೂ ಆದ್ರೆ ಮೈನಸ್ 35ರಲ್ಲಿ. ಅಂದ್ರೆ ನಾವು ಹೊಳೆ ಬದೀಲಿ ಹ್ಯಾಂಡಲ್ ಹೊಡೆಯೋದನ್ನೇ ಅವ್ರು ಮಷಿನ್ನಲ್ಲಿ ಹೊಡೀತಾರೆ, ಅಷ್ಟೇ. ಆಮೇಲೆ ಬರೋ 40 ಅನ್ನೋ ನಂಬರು ಬಿಸಿ ಇರೋವಾಗಿನ ಲೆಕ್ಕ, 100 ಡಿಗ್ರೀಲಿ ಅದ್ರ ಗಟ್ಟಿತನ 12.5ರಿಂದ 16.3 ಸೆಂಟಿಸ್ಟೋಕ್ ಒಳಗಿದ್ರೆ 40, ಅದಕ್ಕಿಂತ ಕಮ್ಮಿ 9.3ರ ತನಕ 30, ಹೀಗೆ. ಬರೀ ಎಸ್‌ಎಇ 40 ಅಂತ ಬರೆದಿರೋ ಕ್ಯಾನಿಗೆ ಬಿಸಿ ಪರೀಕ್ಷೆ ಮಾತ್ರ ಆಗಿರತ್ತೆ. ಚಳೀಲಿ ಅದು ಹೇಗಿರತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ.

ಇನ್ನೊಂದು ತಪ್ಪು ಕಲ್ಪನೆ ಇದೆ, ಇದನ್ನ ಆಯಿಲ್ ಅಂಗಡಿಯವರೇ ಹೇಳೋದು ಕೇಳಿದೀನಿ, ಮಲ್ಟಿಗ್ರೇಡ್ ತಣ್ಣಗಿದ್ದಾಗ ತೆಳು ಇರತ್ತೆ ಬಿಸಿಯಾದ್ರೆ ಗಟ್ಟಿ ಆಗತ್ತೆ ಅಂತ. ಹಾಗೆಲ್ಲ ಇಲ್ಲ ಮಾರಾಯ್ರೆ. ಯಾವ ಆಯಿಲ್ ಆದ್ರೂ ಬಿಸಿಯಾದ್ರೆ ತೆಳು ಆಗೋದೇ. ಜೋನಿ ಬೆಲ್ಲ ನೋಡಿ, ಮಳೆಗಾಲದ ಬೆಳಿಗ್ಗೆ ಡಬ್ಬದಿಂದ ಚಮಚ ಎತ್ತಿದ್ರೆ ಡಬ್ಬನೇ ಮೇಲೆ ಬರತ್ತೆ, ಅದೇ ಬಿಸಿ ದೋಸೆ ಮೇಲೆ ಬಿದ್ರೆ ನೀರಾಗಿ ಬಾಳೆಲೆ ದಾಟಿ ಹೋಗತ್ತೆ. ಸಿಂಗಲ್ ಗ್ರೇಡ್ ಆಯಿಲ್ ಜೋನಿ ಬೆಲ್ಲದ ಜಾತಿ. ಮಲ್ಟಿಗ್ರೇಡ್ ಮಾಡೋವಾಗ ತೆಳು ಎಣ್ಣೆ ತಗೊಂಡು ಅದಕ್ಕೆ ಒಂಥರ ಪಾಲಿಮರ್ ಸೇರಿಸ್ತಾರೆ, ಅದು ತಣ್ಣಗಿದ್ದಾಗ ಮುದುಡ್ಕೊಂಡು ಬಿದ್ದಿರತ್ತೆ, ಬಿಸಿ ಏರಿದ ಹಾಗೆ ಬಿಚ್ಕೊಳತ್ತೆ, ಹಾಗಾಗಿ ಎಣ್ಣೆ ಪೂರ್ತಿ ನೀರಾಗೋದನ್ನ ತಡೀತದೆ. ಗಟ್ಟಿ ಆಗಲ್ಲ, ತೆಳು ಆಗೋ ಸ್ಪೀಡ್ ಕಮ್ಮಿ ಆಗತ್ತೆ.

ಲೆಕ್ಕ ಬೇಕು ಅನ್ನೋರಿಗೆ: ಸಾಮಾನ್ಯ ಎಸ್‌ಎಇ 40 ಆಯಿಲ್ ಡಾಟಾ ಶೀಟ್ ನೋಡಿದ್ರೆ 40 ಡಿಗ್ರೀಲಿ 140-150 ಸೆಂಟಿಸ್ಟೋಕ್, 100 ಡಿಗ್ರೀಲಿ 14-15 ಇರತ್ತೆ. ಕಾರಿಗೆ ಹಾಕೋ 0ಡಬ್ಲ್ಯೂ-20 ಆದ್ರೆ 40 ಡಿಗ್ರೀಲಿ 45 ಹತ್ರ, 100 ಡಿಗ್ರೀಲಿ 8 ಚಿಲ್ಲರೆ. ಇದನ್ನ ನಮ್ಮ ಡಿಸೆಂಬರ್ ಬೆಳಗಿನ 15 ಡಿಗ್ರಿಗೆ ಲೆಕ್ಕ ಹಾಕಿ ನೋಡಿದೆ, ಎಸ್‌ಎಇ 40 ಹೆಚ್ಚೂ ಕಮ್ಮಿ ಐದು ಪಟ್ಟು ಗಟ್ಟಿ. ಹಿಮ ಬೀಳೋ ದೇಶ ಬೇಡ, ನಮ್ಮ ಅಂಗಳದಲ್ಲೇ ಐದು ಪಟ್ಟು. ಈ ಲೆಕ್ಕ ನಾನು ಹಾಕಿದ್ದು ಪೆಟ್ಟು ತಿಂದ ಮೇಲೆ ಅನ್ನೋದು ಬೇರೆ ವಿಷ್ಯ.

ಎರಡನೇ ಇಂಜಿನ್, ಹಠಕ್ಕೆ ಹಾಕಿದ್ದು, ಅಪ್ಪಯ್ಯನ ಹಳೇ ಬುಲೆಟ್ 350. ಕಾಸ್ಟ್ ಐರನ್ ಇಂಜಿನ್ನು, ಗೇರ್‌ಬಾಕ್ಸ್ ಬೇರೆ, ಕ್ಲಚ್ ಇರೋ ಪ್ರೈಮರಿ ಚೇನ್ ಕೇಸ್ ಬೇರೆ, ಒಂದೊಂದಕ್ಕೆ ಬೇರೆ ಬೇರೆ ಎಣ್ಣೆ. ಇದಕ್ಕೆ ನಾವು ಹಾಕ್ತಿದ್ದದ್ದು 20ಡಬ್ಲ್ಯೂ-50. ನಮ್ಮ ಭಾವನಿಗೆ ಮಲ್ಟಿಗ್ರೇಡ್ ಅಂದ್ರೇನೇ ಆಗಲ್ಲ, ಅದೆಲ್ಲ ನೀರು ಆಯಿಲ್ಲು, ಹಳೇ ಗಾಡಿಗೆ ಗಟ್ಟಿ 40 ಹಾಕ್ಬೇಕು ಅಂತ ಅವ್ರ ವಾದ. ಸರಿ ಅಂತ ಒಂದು ಬೇಸಿಗೆ ಪೂರ್ತಿ 40 ಹಾಕಿ ಓಡಿಸ್ದೆ.

ಇಲ್ಲಿ ಭಾವ ಅನ್ಕೊಂಡಿದ್ದಕ್ಕೆ ಉಲ್ಟಾ ಆಯ್ತು. ಬೆಳಿಗ್ಗೆ ಕಿಕ್ಕಲ್ಲಿ ಏನೂ ವ್ಯತ್ಯಾಸ ಇಲ್ಲ, ಎರಡೂ ಅಷ್ಟೇ ಭಾರ. ಆದ್ರೆ ಹೊಸಂಗಡಿಯಿಂದ ಹುಲಿಕಲ್ ಘಾಟಿ ಹತ್ತಿ ಬಂದು ಮೇಲೆ ನಿಲ್ಸಿದಾಗ ಟ್ಯಾಪೆಟ್ (ವಾಲ್ವ್ ತಳ್ಳೋ ಭಾಗ) ಸೌಂಡು ಮೊದ್ಲಿಗಿಂತ ಜೋರು. ಯಾಕಂದ್ರೆ ಬಿಸೀಲಿ 50 ಅನ್ನೋದು 40ಕ್ಕಿಂತ ಗಟ್ಟಿ ಆಯಿಲ್ಲು, ಅದ್ರ ಲಿಮಿಟ್ಟೇ 16.3ರಿಂದ ಶುರು ಆಗತ್ತೆ. ಅಂದ್ರೆ ಸಿಂಗಲ್ ಗ್ರೇಡ್ ಅಂದ ತಕ್ಷಣ ಗಟ್ಟಿ ಅಂತಲ್ಲ, ಮಲ್ಟಿಗ್ರೇಡ್ ಅಂದ ತಕ್ಷಣ ನೀರು ಅಂತಲೂ ಅಲ್ಲ, ಕೊನೇ ನಂಬರ್ ನೋಡ್ಬೇಕು. ಭಾವನಿಗೆ ಇದನ್ನ ಹೇಳ್ದೆ. ಅವ್ರು ಟ್ಯಾಪೆಟ್ ಸರಿಯಾಗಿ ಸೆಟ್ ಮಾಡ್ಸಿಲ್ಲ ನೀನು ಅಂದ್ರು. ಈಗ ಮತ್ತೆ 20ಡಬ್ಲ್ಯೂ-50 ಓಡ್ತಾ ಇದೆ. ಬುಲೆಟ್ ಕೆಳಗೆ ಇಡೋ ರಟ್ಟಿನ ತುಂಡು ಮಾತ್ರ ಎರಡೂ ಆಯಿಲ್‌ಗೂ ಒಂದೇ ಥರ ಕಪ್ಪಾಗತ್ತೆ, ಅದ್ರಲ್ಲಿ ಬುಲೆಟ್ ಭೇದ ಭಾವ ಮಾಡಲ್ಲ.

ಹೊಸ ಬೈಕ್ ಇರೋರು ಇದನ್ನ ಓದಿ ನಮ್ಮ ಗಾಡಿಗೂ ನೋಡೋಣ ಅಂತ ಹೋಗ್ಬೇಡಿ. ಈಗಿನ ಬೈಕಲ್ಲಿ ಇಂಜಿನ್ನು ಗೇರು ಕ್ಲಚ್ಚು ಮೂರೂ ಒಂದೇ ಆಯಿಲಲ್ಲಿ ಮುಳುಗಿರತ್ತೆ, ಬುಲೆಟ್ಟೇ ಯೂನಿಟ್ ಕನ್‌ಸ್ಟ್ರಕ್ಷನ್ ಇಂಜಿನ್ ಬಂದ ಮೇಲೆ ಹಾಗಾಗಿದೆ, ಅದಕ್ಕೆ ಕಂಪನಿ ಹೇಳೋದು 15ಡಬ್ಲ್ಯೂ-50. ಕ್ಲಚ್ ಸ್ಲಿಪ್ ಆಗ್ಬಾರ್ದು ಅಂದ್ರೆ ಕ್ಯಾನ್ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರ್ಬೇಕು (ಬೈಕ್ ಆಯಿಲ್‌ಗೆ ಜಪಾನಿನವ್ರು ಮಾಡಿದ ಗುರುತು), ಪಂಪ್‌ಸೆಟ್ ಆಯಿಲ್ ಮೇಲೆ ಅದು ಇರಲ್ಲ. ಆದ್ರೆ ಸಿಂಗಲ್ ಗ್ರೇಡ್ ಪರವಾಗಿ ಒಂದು ಮಾತು ನಿಜವಾಗ್ಲೂ ಇದೆ, ಅದನ್ನ ಮುಚ್ಚಿಡೋದು ಸರಿ ಅಲ್ಲ. ಗೇರ್ ಹಲ್ಲುಗಳ ಮಧ್ಯ ಸಿಕ್ಕಿ ಸಿಕ್ಕಿ ಮಲ್ಟಿಗ್ರೇಡಲ್ಲಿರೋ ಆ ಪಾಲಿಮರ್ ತುಂಡಾಗತ್ತೆ, 20ಡಬ್ಲ್ಯೂ-50 ಅಂತ ಹಾಕಿದ್ದು ಒಂದೆರಡು ಸಾವಿರ ಕಿಲೋಮೀಟರ್ ಆದ್ಮೇಲೆ 50 ಆಗಿ ಉಳಿಯದೇ ಇರ್ಬಹುದು. ಗೇರ್ ಹಾಕೋವಾಗ ಕಟ ಕಟ ಅನ್ನೋದು ಶುರು ಆಗತ್ತಲ್ಲ, ಅದಕ್ಕೆ ಇದೂ ಒಂದು ಕಾರಣ. ಸಿಂಗಲ್ ಗ್ರೇಡಲ್ಲಿ ತುಂಡಾಗೋಕೆ ಪಾಲಿಮರ್ರೇ ಇಲ್ಲ. ಪಂಪ್‌ಸೆಟ್ಟಲ್ಲಿ 15ಡಬ್ಲ್ಯೂ-40 ಜಾಸ್ತಿ ಖರ್ಚಾಗಿದ್ದಕ್ಕೂ ಇದ್ರ ಅಣ್ಣ ತಮ್ಮನೇ ಕಾರಣ ಇರ್ಬೇಕು, ಮಲ್ಟಿಗ್ರೇಡ್ ಒಳಗಿರೋದು ತೆಳು ಎಣ್ಣೆ ಆಗಿದ್ರಿಂದ ಬಿಸೀಲಿ ಆವಿ ಆಗೋದು ಸ್ವಲ್ಪ ಜಾಸ್ತಿ, ಸವೆದ ರಿಂಗ್ ಸಂದೀಲಿ ನುಗ್ಗೋದೂ ಜಾಸ್ತಿ.

ಈಗ ಕಾರಿನ ಕತೆ.

ಕಾರು ಬಿಎಸ್6 (ಹೊಗೆ ನಿಯಮ) ಬಂದ ಮೇಲೆ ತಗೊಂಡಿದ್ದು, 1.2 ಲೀಟರ್ ಪೆಟ್ರೋಲ್, ವಿವಿಟಿ ಇದೆ, ಅದೇನು ಅಂತ ಮುಂದೆ ಹೇಳ್ತೀನಿ. ಮ್ಯಾನುಯಲ್ಲಲ್ಲಿ 0ಡಬ್ಲ್ಯೂ-20 ಅಂತ ಸ್ಪಷ್ಟ ಬರೆದಿದೆ. ಹೋದ ವರ್ಷದ ಹಿಂದಿನ ವರ್ಷ ನವೆಂಬರ್ ಕೊನೇಲಿ ಸರ್ವಿಸ್ ಡ್ಯೂ ಬಂತು. ಅದು ಕೊನೆ ಕೊಯ್ಲಿನ ಟೈಮು, ಮನೆ ತುಂಬ ಆಳುಗಳು, ಅಡಿಕೆ ಸುಲಿಯೋದು ಬೇಯ್ಸೋದು, ಶಿವಮೊಗ್ಗಕ್ಕೆ ಹೋಗಿ ಅರ್ಧ ದಿನ ಕೂತ್ಕೊಳೋಕೆ ಯಾರಿಗಿದೆ ಪುರ್ಸೊತ್ತು. ಅದೇ ದಿನ ಪಂಪ್‌ಸೆಟ್ ನೋಡೋಕೆ ಮೆಕ್ಯಾನಿಕ್ ಬಂದಿದ್ರು, ಪಂಪಿನ ಆಯಿಲ್ ಬದಲಾಯಿಸಿ ಆಗಿತ್ತು, ಪಕ್ಕದಲ್ಲಿ ಹೊಸ ಕ್ಯಾನ್ ಇನ್ನೊಂದು ಇತ್ತು. ಚಾ ಕುಡೀತಾ ಅವ್ರೇ ಅಂದ್ರು, "ಮನೇಲಿ ಇಷ್ಟು ಆಯಿಲ್ ಇಟ್ಕೊಂಡು ಶಿವಮೊಗ್ಗಕ್ಕೆ ಎಂತಕ್ಕೆ ಹೋಗ್ತೀರಿ, ಇದನ್ನೇ ಹಾಕಣ. ಆ ನೀರಿನಂಥ ಆಯಿಲ್ಲೆಲ್ಲ ಹಿಮ ಬೀಳೋ ಊರಿಗೆ. ನಮ್ಮಲ್ಲೇನು ಹಿಮ ಬೀಳತ್ತಾ?"

ನಾನು ಬೇಡ ಅನ್ಬೇಕಿತ್ತು. ಆದ್ರೆ ಈ ಮಾತು ಕೇಳೋಕೆ ಎಷ್ಟು ಸರಿ ಅನ್ಸತ್ತೆ ನೋಡಿ, ಸೆಕೆ ದೇಶ, ಗಟ್ಟಿ ಆಯಿಲ್, ಇಂಜಿನ್ ಸೇಫ್. ಜೊತೆಗೆ ತಲೇಲಿ ದುಡ್ಡಿನ ಲೆಕ್ಕ, 40ರ ಐದು ಲೀಟರ್ ನಾನು ತಂದಾಗ 1,300 ಆಸುಪಾಸು, ಕಾರಿನ ಸಿಂಥೆಟಿಕ್ ಆಯಿಲ್ ಆದ್ರೆ ಅದಕ್ಕಿಂತ ಡಬಲ್. ಹಾಕಿ ಅಂದೆ. ತಪ್ಪು ಮೆಕ್ಯಾನಿಕ್‌ದು ಅಂತ ನಾನು ಹೇಳಲ್ಲ, ಅವ್ರು ಪಂಪು ಪವರ್ ಟಿಲ್ಲರ್ ನೋಡೋರು, ಅವ್ರ ಲೋಕದಲ್ಲಿ ಆ ಮಾತು ಸರಿನೇ. ಮ್ಯಾನುಯಲ್ ಇದ್ದದ್ದು ನನ್ನ ಡ್ಯಾಶ್‌ಬೋರ್ಡಲ್ಲಿ.

ಮೊದಲ ವಾರ ಏನೂ ಅನ್ನಿಸ್ಲಿಲ್ಲ, ಒಳ್ಳೇದೇ ಅನ್ನಿಸ್ತು, ಬಿಸಿ ಆದ್ಮೇಲೆ ಇಂಜಿನ್ ಸೌಂಡು ಕಮ್ಮಿ ಆಗಿತ್ತು. ಡಿಸೆಂಬರ್ ಚಳಿ ಶುರು ಆದ್ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಮೇಲ್ಗಡೆಯಿಂದ ಟರ್‌ರ್ ಅಂತ ಎರಡು ಮೂರು ಸೆಕೆಂಡ್ ಒಂದು ಸದ್ದು, ಆಮೇಲೆ ಮಾಯ. ಮೊದ್ಲ ಎರಡು ಕಿಲೋಮೀಟರ್ ಗಾಡಿ ಯಾರೋ ಹಿಂದಿಂದ ಹಗ್ಗ ಕಟ್ಟಿ ಎಳೆದ ಹಾಗೆ. ಮೈಲೇಜ್ ಸ್ಕ್ರೀನಲ್ಲಿ 18 ಚಿಲ್ಲರೆ ತೋರಿಸ್ತಿದ್ದದ್ದು 17ರ ಹತ್ರ ಬಂತು. ಇದಕ್ಕೆ ಆಯಿಲ್ಲೇ ಕಾರಣ ಅಂತ ಆಣೆ ಮಾಡಿ ಹೇಳಲ್ಲ, ಆ ತಿಂಗಳು ಪೇಟೆ ಓಡಾಟನೂ ಜಾಸ್ತಿ ಇತ್ತು, ಆದ್ರೆ ಗಟ್ಟಿ ಎಣ್ಣೇಲಿ ತಿರುಗೋಕೆ ಇಂಜಿನ್‌ಗೆ ಶಕ್ತಿ ಜಾಸ್ತಿ ಬೇಕು ಅನ್ನೋದಂತೂ ನಿಜ, ಕಂಪನಿಯವ್ರು 0ಡಬ್ಲ್ಯೂ-20ಕ್ಕೆ ಬಂದಿರೋದೇ ಅರ್ಧ ಇದಕ್ಕೋಸ್ಕರ.

ಜನವರಿ ಮಧ್ಯದಲ್ಲಿ, ಸಂಕ್ರಾಂತಿ ಆಗಿ ಎರಡೋ ಮೂರೋ ದಿನ, ಚೆಕ್ ಇಂಜಿನ್ ಲೈಟ್ ಹತ್ಕೊಳ್ತು. ಹಳದಿ ದೀಪ ನೋಡಿ ಹೊಟ್ಟೇಲಿ ಏನೋ ಆಯ್ತು. ಶಿವಮೊಗ್ಗಕ್ಕೆ ತಗೊಂಡು ಹೋದೆ, ಅಲ್ಲಿನ ಹುಡುಗ ಸ್ಕ್ಯಾನರ್ ಚುಚ್ಚಿದ, ಪಿ0011 ಅಂತ ಬಂತು. ಅವ್ನು ಬಾನೆಟ್ ಕೂಡ ಎತ್ತಿಲ್ಲ, ಮೊದಲ ಪ್ರಶ್ನೆನೇ "ಸರ್, ಆಯಿಲ್ ಎಲ್ಲಿ ಹಾಕ್ಸಿದ್ರಿ?" ನಾನು ಮನೇಲಿ ಅಂದೆ. "ಯಾವ್ದು?" ಅಂದ. ನಂಗೆ ಹೇಳೋಕೆ ನಾಚಿಕೆ ಆಗಿ ಸ್ವಲ್ಪ ಹೊತ್ತು ಸುಮ್ನಿದ್ದೆ. ಪಂಪ್‌ಸೆಟ್‌ದು ಅಂದಾಗ ಅವ್ನು ನಗ್ಲಿಲ್ಲ, ಅದು ಅವ್ನ ದೊಡ್ಡ ಗುಣ.

ಆ ಕೋಡ್ ಅಂದ್ರೆ ಏನು ಅಂತ ಅವ್ನೇ ಬಿಡಿಸಿ ಹೇಳ್ದ. ವಿವಿಟಿ ಅಂದ್ರೆ ವಾಲ್ವ್ ತೆಗೆಯೋ ಟೈಮನ್ನ ಹಿಂದೆ ಮುಂದೆ ಮಾಡೋ ವ್ಯವಸ್ಥೆ, ಕ್ಯಾಮ್ ಶಾಫ್ಟ್ ತುದೀಲಿ ಒಂದು ಡಬ್ಬಿ, ಅದ್ರೊಳಗೆ ಹೋಗೋದು ಇದೇ ಇಂಜಿನ್ ಆಯಿಲ್ಲು, ಆ ಪ್ರೆಷರಲ್ಲೇ ಕ್ಯಾಮ್ ಆಚೆ ಈಚೆ ತಿರುಗೋದು. ಆಯಿಲ್ ಬಿಡೋಕೆ ಒಂದು ಕರೆಂಟ್ ವಾಲ್ವ್, ಅದ್ರ ತೂತು ಜಾಲರಿ ಎಲ್ಲ ಸೂಜಿ ಮೊನೆ ಲೆಕ್ಕ. ಕಂಪ್ಯೂಟರ್ ಇಷ್ಟು ಡಿಗ್ರಿ ತಿರುಗು ಅಂತ ಹೇಳಿ ಕಾಯ್ತಾ ಇರತ್ತೆ, ಆಯಿಲ್ ಜೋನಿ ಬೆಲ್ಲದ ಥರ ನಿಧಾನಕ್ಕೆ ಹೋದ್ರೆ ಕ್ಯಾಮ್ ಹೇಳಿದ ಜಾಗಕ್ಕೆ ಹೇಳಿದ ಟೈಮಿಗೆ ಬರಲ್ಲ, ಆಗ ಕಂಪ್ಯೂಟರ್ ಏನೋ ಕೆಟ್ಟಿದೆ ಅಂತ ದೀಪ ಹಾಕತ್ತೆ. ಈ ಕೋಡ್ ಬಂದ್ರೆ ಯಾವಾಗ್ಲೂ ಆಯಿಲ್ಲೇ ಕಾರಣ ಅಂತಲ್ಲ, ಆ ವಾಲ್ವ್ ಹೋಗಿದ್ರೂ ಟೈಮಿಂಗ್ ಚೈನ್ ಜಗ್ಗಿದ್ರೂ ಬರ್ಬಹುದು. ನನ್ನ ಕಾರಲ್ಲಿ ಹಳೇ ಆಯಿಲ್ ಬಸಿದು ಫಿಲ್ಟರ್ ಬದಲಾಯಿಸಿ 0ಡಬ್ಲ್ಯೂ-20 ಹಾಕಿ ಕೋಡ್ ಕ್ಲಿಯರ್ ಮಾಡಿದ್ರು, ಅವತ್ತಿಂದ ಇವತ್ತಿನ ತನಕ ಮತ್ತೆ ಬಂದಿಲ್ಲ. ಬೆಳಗಿನ ಟರ್‌ರ್ ಸದ್ದು ಮಾರನೇ ದಿನವೇ ಇಲ್ಲ. ಒಟ್ಟು 1,400 ಕಿಲೋಮೀಟರ್ ಓಡಿದ್ದೆ ಆ ಆಯಿಲಲ್ಲಿ. ಒಳಗೆ ಎಷ್ಟು ಸವೀತು ಅಂತ ಬಿಚ್ಚಿ ನೋಡಿದವ್ರು ಯಾರೂ ಇಲ್ಲ.

ನಂಗೆ ಒಂದು ಅನುಮಾನ ಇತ್ತು, ಗಟ್ಟಿ ಆಯಿಲ್ ಆದ್ರೆ ಪ್ರೆಷರ್ ಜಾಸ್ತಿ ಬರತ್ತಲ್ಲ, ಪ್ರೆಷರ್ ಇದ್ರೆ ಒಳ್ಳೇದಲ್ವಾ ಅಂತ. ಬರತ್ತೆ, ಸರಿನೇ. ಆದ್ರೆ ಇಂಜಿನ್ ಒಳಗಿನ ಆಯಿಲ್ ಪಂಪ್ ಪಕ್ಕದಲ್ಲಿ ಒಂದು ರಿಲೀಫ್ ವಾಲ್ವ್ ಇರತ್ತೆ, ಪ್ರೆಷರ್ ಮಿತಿ ಮೀರಿದ್ರೆ ಅದು ತೆರ್ಕೊಂಡು ಆಯಿಲ್ ವಾಪಸ್ ಚೇಂಬರ್‌ಗೇ ಬೀಳತ್ತೆ. ನಮ್ಮ ತೋಟದಲ್ಲಿ ಸ್ಪ್ರಿಂಕ್ಲರ್ ಪೈಪು ಕಸ ಕಟ್ಕೊಂಡಾಗ ಪಂಪ್ ಹತ್ರ ಗೇಜ್ ಮುಳ್ಳು ಮೇಲೇ ಇರತ್ತೆ, ಕೊನೇ ಮರದ ಬುಡಕ್ಕೆ ನೀರು ಮಾತ್ರ ಹೋಗಿರಲ್ಲ. ಅದೇ ಕತೆ ಇಲ್ಲೂ. ಇಂಜಿನ್‌ಗೆ ಬೇಕಾಗಿರೋದು ಮುಳ್ಳಲ್ಲ, ನೀರು. ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡಲ್ಲಿ ಮೇಲಿನ ಕ್ಯಾಮ್ ತನಕ, ಚೈನ್ ಟೆನ್ಷನರ್ ತನಕ ಆಯಿಲ್ ಮುಟ್ಬೇಕು, ಸವೆತ ಜಾಸ್ತಿ ಆಗೋದೇ ಆ ಹೊತ್ತಲ್ಲಿ.

ಮತ್ತೆ ಈ ಸೆಕೆ ದೇಶದ ಮಾತು. ನಮ್ಮ ಮಲೆನಾಡು ಬಿಡಿ, ಕಲಬುರಗಿ ರಾಯಚೂರು ಕಡೆ ಬೇಸಿಗೇಲಿ 42 ಡಿಗ್ರಿ ದಾಟತ್ತೆ, ಅಲ್ಲಿಗಾದ್ರೂ ಸಿಂಗಲ್ ಗ್ರೇಡ್ ಬೇಕಲ್ವಾ ಅಂತ ಕೇಳ್ತಾರೆ. ಯೋಚ್ನೆ ಮಾಡಿ, ಹೊರಗೆ 25 ಇರ್ಲಿ 42 ಇರ್ಲಿ, ಇಂಜಿನ್ ಬಿಸಿ ಆದ್ಮೇಲೆ ಥರ್ಮೋಸ್ಟಾಟ್ ಕೂಲೆಂಟನ್ನ 90ರ ಆಚೀಚೆ ನಿಲ್ಸತ್ತೆ, ಒಳಗಿನ ಆಯಿಲ್ ನೂರರ ಹತ್ರ ಇರತ್ತೆ. ಲೋಡ್ ಹಾಕಿ ಬಿಸಿಲಲ್ಲಿ ಓಡಿಸಿದ್ರೆ ಸ್ವಲ್ಪ ಮೇಲೆ ಹೋಗ್ಬಹುದು, ಅದಕ್ಕೆ ನಿಮಗೆ ಬಿಸೀಲಿ 40 ಬೇಕು ಅಂದ್ರೆ, ಮ್ಯಾನುಯಲ್ಲಲ್ಲೂ ಒಪ್ಪಿದ್ರೆ, 5ಡಬ್ಲ್ಯೂ-40 ಅಂತ ಆಯಿಲ್ ಇದೆಯಲ್ಲ, ಅದ್ರ ಕೊನೆಗೂ ಅದೇ 40 ಇದೆ. ಸಿಂಗಲ್ ಗ್ರೇಡ್ 40 ಬಿಸೀಲಿ ಕೊಡೋದನ್ನ ಅದೂ ಕೊಡತ್ತೆ, ಬೆಳಿಗ್ಗೆ ತಣ್ಣಗಿದ್ದಾಗ ಸಿಂಗಲ್ ಗ್ರೇಡ್ ಕೊಡದೇ ಇರೋದನ್ನೂ ಕೊಡತ್ತೆ. ಕಾರಿನ ಮಟ್ಟಿಗೆ ಹಿಮ ಬೀಳತ್ತಾ ಅನ್ನೋ ಪ್ರಶ್ನೆ ಅಲ್ಲೇ ಬಿದ್ದು ಹೋಗತ್ತೆ.

ಭಾವ ಹೊಸದಾಗಿ ಬಿಎಸ್6 ಡೀಸೆಲ್ ಗಾಡಿ ತಗೊಂಡಿದಾರೆ, ಅವ್ರ ಮನೇಲೂ ಇದೇ 40ರ ಕ್ಯಾನ್ ಇದೆ, ಅರ್ಧ ಲೀಟರ್ ಟಾಪ್ ಅಪ್ ಮಾಡ್ಲಾ ಅಂತ ಫೋನ್ ಮಾಡಿದ್ರು. ಬುಲೆಟ್ ವಿಷ್ಯದಲ್ಲಿ ಹಾಸ್ಯ ಮಾಡಿದ ಹಾಗೆ ಇಲ್ಲಿ ಮಾಡ್ಲಿಲ್ಲ, ಕೈ ಮುಗಿದೆ. ಅದ್ರಲ್ಲಿ ಟರ್ಬೊ ಇದೆ, ಅದ್ರ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗತ್ತೆ, ಅದನ್ನ ಎತ್ತಿ ಹಿಡಿದಿರೋದು ತೆಳ್ಳಗಿನ ಆಯಿಲ್ ಪದರ. ಅದಕ್ಕಿಂತ ದೊಡ್ಡ ತಲೆನೋವು ಡಿಪಿಎಫ್, ಹೊಗೆ ಮಸಿ ಹಿಡಿಯೋ ಫಿಲ್ಟರು. ಮಸಿ ಆದ್ರೆ ಅದೇ ಸುಟ್ಕೊಳತ್ತೆ, ಆದ್ರೆ ಆಯಿಲಲ್ಲಿರೋ ಕ್ಯಾಲ್ಸಿಯಂ ಜಿಂಕ್ ಥರದ್ದು ಸುಟ್ಟು ಬೂದಿ ಆಗಿ ಕೂತ್ರೆ ಅದು ಹೋಗಲ್ಲ. ಹಾಗಾಗಿ ಅಂಥ ಗಾಡಿಗೆ ಕಮ್ಮಿ ಬೂದಿಯ ಆಯಿಲ್ ಬೇಕು, ಅದ್ರ ಕ್ಯಾನ್ ಮೇಲೆ ಎಸಿಇಎ (ಯುರೋಪಿನ ವಾಹನ ಕಂಪನಿಗಳ ಒಕ್ಕೂಟ) ಸಿ2, ಸಿ3 ಅಂತೆಲ್ಲ ಇರತ್ತೆ. ಸಿ3ಗೆ ಬೂದಿ ಮಿತಿ ನೂರಕ್ಕೆ 0.8. ಗ್ರೇಡ್ ನಂಬರ್ ಸರಿ ಇದ್ರೂ ಈ ಅಕ್ಷರ ಇಲ್ಲ ಅಂದ್ರೆ ಬೇಡ.

ಅಕ್ಷರ ಅಂದಾಗ ನೆನಪಾಯ್ತು, ನಾನು ತಂದ ಕ್ಯಾನ್ ಹಿಂದೆ ಎಪಿಐ ಸಿಎಫ್ ಅಂತ ಇತ್ತು, ಎಪಿಐ ಅಂದ್ರೆ ಆಯಿಲ್ ದರ್ಜೆ ಗೊತ್ತು ಮಾಡೋ ಅಮೆರಿಕದ ಸಂಸ್ಥೆ. ಸಿ ಅಂದ್ರೆ ಡೀಸೆಲ್ ಕಡೇದು, ಎಸ್ ಅಂದ್ರೆ ಪೆಟ್ರೋಲ್. ಸಿಎಫ್ 1994ರ ಕಾಲದ್ದು, ಈಗ ಎಪಿಐನವ್ರೇ ಅದನ್ನ ಹಳೇದು ಅಂತ ಬದಿಗಿಟ್ಟಿದಾರೆ. ಪೆಟ್ರೋಲ್ ಕಾರಿನ ಆಯಿಲ್‌ಗೆ 2020ರಲ್ಲಿ ಎಸ್‌ಪಿ ಅಂತ ಬಂದಿದೆ, ಅದ್ರಲ್ಲಿ ಟೈಮಿಂಗ್ ಚೈನ್ ಸವೆತದ ಪರೀಕ್ಷೆನೂ ಸೇರಿದೆ. ಅಂದ್ರೆ ನಾನು ಕಾರಿಗೆ ಹಾಕಿದ್ದು ಬರೀ ಗಟ್ಟಿ ಆಯಿಲ್ ಅಲ್ಲ, ಮೂವತ್ತು ವರ್ಷ ಹಿಂದಿನ ಡೀಸೆಲ್ ಇಂಜಿನ್ ಮನಸ್ಸಲ್ಲಿಟ್ಕೊಂಡು ಮಾಡಿದ ಆಯಿಲ್ಲು. ಪಂಪ್‌ಸೆಟ್ಟಿಗೆ ಅದೇ ವಯಸ್ಸು, ಜೋಡಿ ಸರಿ ಹೊಂದಿದೆ.

ಸ್ಟಾರ್ ಕೊಡಿ ಅಂದ್ರೆ ಪಂಪ್‌ಸೆಟ್ಟಿಗೆ ನಾಲ್ಕೂವರೆ, ಅರ್ಧ ಕಟ್ ಮಾಡಿದ್ದು ನನ್ನ ಭುಜದ ಲೆಕ್ಕದಲ್ಲಿ. ಬುಲೆಟ್ಟಿಗೆ ಎರಡೂವರೆ. ಕಾರಿಗೆ ಸ್ಟಾರ್ ಕೊಡೋ ಪ್ರಶ್ನೆನೇ ಇಲ್ಲ, ಅದು ಆಯಿಲ್‌ಗೆ ಮಾಡೋ ಅನ್ಯಾಯ. ಪ್ಯಾಕಿಂಗ್ ಬಗ್ಗೆ ಒಂದು ದೂರಿದೆ, ಐದು ಲೀಟರ್ ಕ್ಯಾನಿನ ಬಾಯಿ ಸುರಿಯೋವಾಗ ಗಡ ಗಡ ಅಂದು ಹೊರಗೆ ಚೆಲ್ಲತ್ತೆ, ಫನೆಲ್ ಇಲ್ದೆ ಆಗಲ್ಲ, ಕ್ಯಾನ್ ಅಡ್ಡ ಹಿಡಿದು ಸುರಿದ್ರೆ ಸ್ವಲ್ಪ ವಾಸಿ. ತಗೊಳೋವಾಗ ಸೀಲ್ ರಿಂಗ್ ನೋಡಿ, ಮತ್ತೆ ಖಾಲಿ ಕ್ಯಾನ್ ಗುಜರಿಗೆ ಹಾಕೋ ಮುಂಚೆ ಒಂದು ತೂತು ಹೊಡೀರಿ, ಆ ಕ್ಯಾನೇ ಡೂಪ್ಲಿಕೇಟ್ ಆಯಿಲ್ ತುಂಬ್ಕೊಂಡು ವಾಪಸ್ ಬರೋದು ಬೇಡ. ಹಳೇ ಆಯಿಲ್ ಹೊಳೆ ಬದೀಲಿ ಚೆಲ್ಬೇಡಿ, ನಾವು ಮೊದ್ಲು ಗೆದ್ದಲಿಗೆ ಅಂತ ಬೇಲಿ ಗೂಟಕ್ಕೆ ಬಳೀತಿದ್ವಿ, ಅದೂ ಮಳೆ ಬಂದ್ರೆ ಹೊಳೆಗೇ ಹೋಗೋದು. ಈಗ ಹಳೇ ಕ್ಯಾನಲ್ಲಿ ತುಂಬಿಟ್ಟು ಸರ್ವಿಸ್‌ಗೆ ಹೋಗೋವಾಗ ಅಲ್ಲೇ ಬ್ಯಾರಲ್‌ಗೆ ಕೊಟ್ಟು ಬರ್ತೀನಿ.

ಪಂಪ್‌ಸೆಟ್ಟಿನ ಆಯಿಲ್ ಈ ಡಿಸೆಂಬರಲ್ಲಿ ಮತ್ತೆ ಬದಲಾಯಿಸ್ಬೇಕು. ಚಳಿಗಾಲದ ನಾಲ್ಕು ತಿಂಗಳು 15ಡಬ್ಲ್ಯೂ-40 ಹಾಕಿ, ಬೇಸಿಗೆ ಬಂದ ಮೇಲೆ 40ಕ್ಕೆ ಬರೋಣ, ಸ್ವಲ್ಪ ಆಯಿಲ್ ಜಾಸ್ತಿ ತಿಂದ್ರೂ ತಿನ್ಲಿ ಅಂತ ನಾನು. ಅದೆಲ್ಲ ಬೇಡ, ಇಷ್ಟು ವರ್ಷ ಇಲ್ಲದ್ದು ಈಗ ಎಂತಕ್ಕೆ, 40ನೇ ಇರ್ಲಿ ಅಂತ ಅಪ್ಪಯ್ಯ. ಅವ್ರೇನೋ ಹೇಳ್ತಾರೆ, ಆದ್ರೆ ಹ್ಯಾಂಡಲ್ ಹೊಡೆಯೋನು ಈಗ ನಾನಲ್ವಾ.